ಕೊಡದೆ ತೆಗೆದದ್ದು



ಇವತ್ತಿನ ಚಿಂತನೆ ಎರಡನೆಯ ಶೀಲದ ಬಗ್ಗೆ. ಕೊಡದಿರುವುದನ್ನು ತೆಗೆದುಕೊಳ್ಳುವುದಿಲ್ಲ ಎಂದು ದಿನಾ ಹೇಳುತ್ತೇವೆ. ಅದು ದುಡ್ಡು, ಹೊಲ, ವಸ್ತುಗಳ ಮಾತೆಂದೇ ನಾನು ತಿಳಿದಿದ್ದೆ.

ಹೋದ ಚಳಿಗಾಲದ ಒಂದು ಭಾನುವಾರ ಅನಮೋಡದಿಂದ ನಸುಕಿಗೇ ಹೊರಟು ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೆ ಹೋಗಿದ್ದೆ. ನಮ್ಮ ಘಟ್ಟದ ಕಾಡಿನಲ್ಲಿ ಹಕ್ಕಿ ಕೇಳಿಸುವುದೇ ಹೆಚ್ಚು, ಕಾಣುವುದು ಕಡಿಮೆ. ಅತ್ತಿವೇರಿ ಜಲಾಶಯದಲ್ಲಿ ಬಿಳಿಯ ಚಮಚ ಕೊಕ್ಕಿನ ಹಕ್ಕಿಗಳು ಬಯಲಲ್ಲೇ ನಿಂತಿದ್ದವು. ಕರಿಯ ಉದ್ದ ಕೊಕ್ಕು, ತುದಿ ಸೌಟಿನಂತೆ ಅಗಲ, ಅಲ್ಲಿಷ್ಟು ಹಳದಿ. ಆಳವಿಲ್ಲದ ನೀರಲ್ಲಿ ನಡೆಯುತ್ತ, ಕೊಕ್ಕನ್ನು ಅರೆ ತೆರೆದು ಎಡಕ್ಕೆ ಬಲಕ್ಕೆ ಬೀಸುತ್ತವೆ. ಮೀನೋ ಹುಳವೋ ಕೊಕ್ಕಿನೊಳಗೆ ತಗುಲಿದಾಗ ಗಪ್ಪನೆ ಮುಚ್ಚುತ್ತವೆ. ಹೊಟ್ಟೆ ತುಂಬಲು ಎಷ್ಟು ಸಲ ಬೀಸಬೇಕೋ!

ಅರ್ಧ ಗಂಟೆ ನೋಡಿದೆ, ಫೋಟೊ ತೆಗೆದೆ. ಎಲ್ಲದರಲ್ಲೂ ತಲೆ ತಗ್ಗಿಸಿದ್ದೇ. ನನಗೆ ರೆಕ್ಕೆ ಬಿಚ್ಚಿದ್ದು ಬೇಕಿತ್ತು. ಜೋರಾಗಿ ಚಪ್ಪಾಳೆ ತಟ್ಟಿದೆ. ಏಳೂ ಹಕ್ಕಿ ಒಟ್ಟಿಗೆ ಎದ್ದವು. ಚಿತ್ರ ಚೆನ್ನಾಗಿ ಬಂತು. ಗುಂಪಿನಲ್ಲಿ ಹಾಕಿದಾಗ ನಿಮ್ಮಲ್ಲಿ ಹಲವರು ಹೊಗಳಿದಿರಿ. ಚಪ್ಪಾಳೆಯ ವಿಷಯ ನಾನು ಬರೆದಿರಲಿಲ್ಲ.

ಕನ್ನಡ ಎಂ.ಎ. ಓದಿದವನಿಗೆ ಕ್ರಿಯಾಪದದ ಕಾಯಿಲೆ ಇರುತ್ತದೆ. ಫೋಟೊ ತೆಗೆಯುತ್ತೇವೆ, ಹೊಡೆಯುತ್ತೇವೆ. ಪತ್ರಿಕೆಯವರು ಸೆರೆ ಹಿಡಿಯುತ್ತಾರೆ. ಅಮೆರಿಕದಲ್ಲಿ ಇದೇ ಬಳಗದ ಗುಲಾಬಿ ಬಣ್ಣದ ಹಕ್ಕಿಯನ್ನು 19ನೇ ಶತಮಾನದಲ್ಲಿ ನಿಜವಾಗಿಯೇ ಹೊಡೆದು, ರೆಕ್ಕೆಯನ್ನು ಬೀಸಣಿಗೆ ಮಾಡಿ ಮಾರುತ್ತಿದ್ದರು. ನಾನು ಕೊಂದಿಲ್ಲ. ಊಟದಿಂದ ಎಬ್ಬಿಸಿದೆ, ಅಷ್ಟೇ.

ಅಷ್ಟಕ್ಕೇ ಶೀಲಭಂಗವೇ ಎಂದು ಕೇಳಬಹುದು. ನಾನೂ ಕೇಳಿಕೊಂಡೆ. ಆಗ ನೆನಪಾದದ್ದು ನಾಲ್ಕನೇ ತರಗತಿಯ ಒಂದು ಮಧ್ಯಾಹ್ನ. ಯಾರೋ ದಾನಿಗಳು ನಮ್ಮ ಕೇರಿಯ ಮಕ್ಕಳಿಗೆ ಊಟ ಹಾಕಿಸಿದ್ದರು. ಎಲೆಗೆ ಬಡಿಸಿ, ಫೋಟೊ ಆಗುವ ತನಕ ಮುಟ್ಟಬೇಡಿ ಎಂದರು. ಒಬ್ಬ ಕಣ್ಣು ಮುಚ್ಚಿದ ಎಂದು ಮತ್ತೊಮ್ಮೆ. ನಗಲಿಲ್ಲ ಎಂದು ಇನ್ನೊಮ್ಮೆ. ಅನ್ನ ಆರಿತು. ಆಮೇಲೆ ಬಂದ ಚಿತ್ರದ ಕೆಳಗೆ ದಾನಿಗಳಿಗೆ ಅವರ ಹೆಸರಿತ್ತು, ನಮಗೆ ಜಾತಿಯ ಹೆಸರಿತ್ತು.

ಹಾಗೆಂದು ಕ್ಯಾಮೆರಾವೇ ಪಾಪ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಅರ್ಧ ಗಂಟೆ ದಂಡೆಯಲ್ಲಿ ಸುಮ್ಮನೆ ಕೂತು ನೋಡಿದ್ದರಿಂದ ಹಕ್ಕಿಗೆ ಏನೂ ಕಡಿಮೆಯಾಗಲಿಲ್ಲ. ಕಳ್ಳತನ ಇದ್ದದ್ದು ಚಪ್ಪಾಳೆಯಲ್ಲಿ. ನನ್ನ ಆಸೆ ತೀರುವ ತನಕ ಇನ್ನೊಂದು ಜೀವದ ಹಸಿವು ಕಾಯಲಿ ಎಂಬುದರಲ್ಲಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ಕರುಣೆ, 14ನೆಯದು ಕಳವು ಮಾಡದಿರುವುದು. ಎರಡೂ ಪಕ್ಕಪಕ್ಕದಲ್ಲಿವೆ. ಇಷ್ಟು ವರ್ಷ ನಾನು ಅವನ್ನು ಬೇರೆ ಬೇರೆ ಎಂದುಕೊಂಡೇ ಹೇಳಿದ್ದೆ.

ಕೊನೆಗೆ ಹೇಳಲು ನಾಚಿಕೆಯಾಗುವ ಮಾತು. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಮಕ್ಕಳ ಕೈಗೆ ಮೊಟ್ಟೆ ಕೊಟ್ಟು, ಎತ್ತಿ ಹಿಡೀರಿ ಎಂದು ಸಾಲಾಗಿ ನಿಲ್ಲಿಸಿ ಫೋಟೊ ಹೊಡೆಯುವವನು ನಾನೇ. ಅತ್ತಿವೇರಿಯಿಂದ ಬಂದ ಮೇಲೆ, ಮೊದಲ ಸಲ ಕೇಳಿದೆ: ತೆಗೀಲೇನು?

ಮೂರನೇ ತರಗತಿಯ ಹುಡುಗಿ ಸಿಪ್ಪೆ ಸುಲಿಯುತ್ತಲೇ ಹೇಳಿದಳು: "ಈಗ ಬ್ಯಾಡ್ರಿ ಸರ್ರ, ತಿಂದಮ್ಯಾಲೆ ತೆಗೀರಿ."

ತಿಂದ ಮೇಲೆ ಅವಳೂ ಮರೆತಳು, ನಾನೂ ಮರೆತೆ.