ಅರ್ಜಿಯಲ್ಲಿಲ್ಲದ ಕಾಲಂ

ಕಾಲೇಜಿನ ಅರ್ಜಿ ತುಂಬಲು ಮನೆಮಂದಿಯೆಲ್ಲ ಕೂತಿದ್ದೆವು. ಜಾತಿ ಕಾಲಂ ಬಂದಾಗ ನನ್ನ ಪೆನ್ನು ನಿಂತಿತು. ಅಪ್ಪ, 'ಬರಿ ಕಣ್ಲಾ, ನಾವೇನ್ ಕದ್ದಿದ್ದೀವಾ?' ಅಂದ.

ಕದ್ದಿಲ್ಲ. 1951ರಲ್ಲಿ ಮದ್ರಾಸಿನ ಕಾಲೇಜು ಸೀಟುಗಳ ಹಂಚಿಕೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿದಾಗ, ಅದೇ ವರ್ಷ ಸಂವಿಧಾನಕ್ಕೆ 15(4) ಸೇರಿತು. ಸೀಟು ಭಿಕ್ಷೆಯಲ್ಲ, ಹಕ್ಕು. ಮೆರಿಟ್ಟಿನ ಮಾತಾಡುವವರಿಗೆ ಇಷ್ಟು ಸಾಕು.

ನನ್ನನ್ನು ಕಾಡುವ ಪ್ರಶ್ನೆಯೇ ಬೇರೆ. ನನ್ನ ಪುಸ್ತಕಕ್ಕೆ, ಬಸ್ ಚಾರ್ಜಿಗೆ ಅಂತ ಅಕ್ಕ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕೂಲಿಗೆ ಹೋದಳು. ಅರ್ಜಿ ಅಪ್ಪನ ಕಸುಬು ಕೇಳಿತು, ಅವಳದನ್ನು ಕೇಳಲಿಲ್ಲ. ಊರು ನಮಗೆ ಮಾಡಿದ್ದನ್ನೇ ನಾವು ಮನೆಯೊಳಗೆ ಅವಳಿಗೆ ಮಾಡಿದೆವಲ್ಲ?

ಹಕ್ಕು ಕೇಳುವವನು ಸಾಲವನ್ನೂ ಒಪ್ಪಬೇಕು. ಅಕ್ಕನಿಗೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವ ಅರ್ಜಿ ತಂದಿದ್ದೇನೆ. ಅವಳಿನ್ನೂ ಅದನ್ನು ಮುಟ್ಟಿಲ್ಲ.