ಸಂಖ್ಯೆ ಕೊಟ್ಟರಷ್ಟೇ ಬಾಗಿಲು ತೆರೆಯುವುದೇ?



ಮಗಳ ಕಾಲೇಜಿನ ಅರ್ಜಿಗಾಗಿಯೋ, ಕುವೈತಿನಲ್ಲಿರುವ ಮಗನಿಗೆ ಕಾಗದಪತ್ರ ಕಳುಹಿಸಲೆಂದೋ ನೀವು ನಿಮ್ಮ ಇ-ಮೇಲ್ ತೆರೆಯಲು ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. ಪಾಸ್‌ವರ್ಡ್ ಸರಿಯಾಗಿಯೇ ಇದೆ. ಆದರೂ ಪರದೆಯ ಮೇಲೆ ಒಂದು ಕೋರಿಕೆ ಬರುತ್ತದೆ: ನಿಮ್ಮ ಸುರಕ್ಷತೆಗಾಗಿ ಮೊಬೈಲ್ ಸಂಖ್ಯೆ ಕೊಡಿ. ‘ಆಮೇಲೆ’ ಎಂದು ಒತ್ತಿ ಮುಂದೆ ಹೋಗುತ್ತೀರಿ. ಕೆಲವು ದಿನ ಕಳೆದು ಮತ್ತೆ ಅದೇ ಕೋರಿಕೆ. ‘ಬೇಡ’ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ, ‘ಆಮೇಲೆ’ ಎನ್ನುವುದಕ್ಕೆ ಮಾತ್ರ ಇದೆ. ಬೇರೆ ಊರಿನಿಂದಲೋ ಹೊಸ ಕಂಪ್ಯೂಟರಿನಿಂದಲೋ ತೆರೆಯಲು ಹೋದ ದಿನ ಆ ‘ಆಮೇಲೆ’ಯೂ ಕಾಣೆಯಾಗಿರಬಹುದು. ಸಂಖ್ಯೆ ಕೊಟ್ಟರೆ ಒಳಗೆ, ಕೊಡದಿದ್ದರೆ ಹೊರಗೆ. ಹತ್ತು ವರ್ಷಗಳ ಪತ್ರಗಳು, ಮಕ್ಕಳ ಫೋಟೋಗಳು, ಪಾಸ್‌ಪೋರ್ಟಿನ ಪ್ರತಿಗಳು ಎಲ್ಲವೂ ಬಾಗಿಲಿನ ಆಚೆ.

‘ಒಂದು ಸಂಖ್ಯೆ ತಾನೇ, ಕೊಟ್ಟರಾಯಿತು’ ಎಂದು ಬಹಳ ಮಂದಿ ಹೇಳುತ್ತಾರೆ. ಅವರು ಹೇಳುವುದರಲ್ಲೂ ಹುರುಳಿದೆ. ಕೇಳುವವರು ಸುಮ್ಮನೆ ಕೇಳುತ್ತಿಲ್ಲ. ನಮ್ಮಲ್ಲಿ ಅನೇಕರ ಪಾಸ್‌ವರ್ಡ್ ಮಗುವಿನ ಹೆಸರು ಮತ್ತು ಹುಟ್ಟಿದ ವರ್ಷ. ಅದನ್ನೇ ಹತ್ತು ಕಡೆ ಬಳಸುತ್ತೇವೆ. ಗೂಗಲ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಖಾತೆಗೆ ಜೋಡಿಸಿದ ಫೋನಿಗೆ ಬರುವ ಸಂಕೇತ ಸಂಖ್ಯೆಯು ಯಂತ್ರಗಳು ತಾವಾಗಿಯೇ ನಡೆಸುವ ದಾಳಿಗಳನ್ನು ಪೂರ್ತಿಯಾಗಿ, ಸಾಮೂಹಿಕ ಮೋಸದ ಪತ್ರಗಳ ದಾಳಿಗಳಲ್ಲಿ ಶೇ. 96ರಷ್ಟನ್ನು, ಒಬ್ಬ ವ್ಯಕ್ತಿಯನ್ನೇ ಗುರಿಯಿಟ್ಟು ನಡೆಸುವ ದಾಳಿಗಳಲ್ಲಿ ಶೇ. 76ರಷ್ಟನ್ನು ತಡೆಯಿತು. ಇದು ಸಣ್ಣ ಮಾತಲ್ಲ. ಸುಳ್ಳು ಹೆಸರಿನಲ್ಲಿ ಸಾವಿರಾರು ಖಾತೆ ತೆರೆದು ಮೋಸದ ಪತ್ರ ಹಂಚುವವರಿಗೂ ಈ ಬೇಡಿಕೆಯಿಂದ ಕಷ್ಟವಾಗುತ್ತದೆ. ಆದ್ದರಿಂದ ಕೇಳುವುದೇ ಪಾಪ ಎಂದು ನಾನು ಹೇಳಲಾರೆ. ಒಳ್ಳೆಯ ಉದ್ದೇಶಕ್ಕೆ ಕೇಳುವಾಗಲೂ ಎಷ್ಟು ಒತ್ತಾಯ ಮಾಡಬಹುದು, ಕೊಟ್ಟದ್ದನ್ನು ಆಮೇಲೆ ಏನು ಮಾಡಬಹುದು ಎಂಬುದು ಬೇರೆಯೇ ಪ್ರಶ್ನೆ.

ಮೊದಲು ಹೀಗಿರಲಿಲ್ಲ. ಬೆಂಗಳೂರಿನ ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದಾಗ ಮೊಬೈಲ್ ಸಂಖ್ಯೆ ಕೇಳುವ ಮಾತೇ ಇರಲಿಲ್ಲ. ನಮ್ಮ ದೇಶಕ್ಕೆ ಮೊಬೈಲ್ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ. ಇಂದು ನಮ್ಮಲ್ಲಿ ಮೊಬೈಲ್ ಸಂಖ್ಯೆ ಎಂದರೆ ಮನೆಯ ಬಾಗಿಲಿನ ಮೇಲೆ ಬರೆದ ಸಂಖ್ಯೆಯಂತಲ್ಲ. ಗುರುತಿನ ಪತ್ರ ತೋರಿಸದೆ ಸಿಮ್ ಸಿಗುವುದಿಲ್ಲ. ಬ್ಯಾಂಕು, ಆಧಾರ್, ಅಡುಗೆ ಅನಿಲ, ಅಂಗಡಿಯಲ್ಲಿ ಹಣ ಕೊಡುವ ಯುಪಿಐ ಎಲ್ಲವೂ ಅದಕ್ಕೇ ಅಂಟಿಕೊಂಡಿವೆ. ಅದು ಬೀಗದ ಕೈಗಳ ಗೊಂಚಲನ್ನೇ ನೇತುಹಾಕಿದ ಉಂಗುರ. ಅದನ್ನು ಒಬ್ಬರ ಕೈಗೆ ಕೊಡುವಾಗ ಹತ್ತು ಬಾಗಿಲುಗಳ ಸುಳಿವನ್ನು ಕೊಡುತ್ತಿದ್ದೇವೆ.

ಹಾಗಾದರೆ ‘ಆಮೇಲೆ’ ಎನ್ನುತ್ತಾ ಬಂದು ಕೊನೆಗೊಂದು ದಿನ ಬೇಸತ್ತು ಸಂಖ್ಯೆ ಕೊಟ್ಟವನು ಒಪ್ಪಿಕೊಟ್ಟನೇ, ಒಪ್ಪದೆ ಕೊಟ್ಟನೇ?

ಇದು ಹಳೆಯ ಪ್ರಶ್ನೆ. ಬಿರುಗಾಳಿಗೆ ಸಿಕ್ಕಿದ ಹಡಗಿನ ವ್ಯಾಪಾರಿ ಪ್ರಾಣ ಉಳಿಸಿಕೊಳ್ಳಲು ತನ್ನ ಸರಕನ್ನು ಸಮುದ್ರಕ್ಕೆ ಎಸೆಯುತ್ತಾನೆ. ಅವನು ಇಷ್ಟಪಟ್ಟು ಎಸೆದನೇ? ಅರಿಸ್ಟಾಟಲ್ ಎತ್ತಿದ ಈ ಉದಾಹರಣೆಯನ್ನು 13ನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಮತ್ತೆ ವಿಚಾರಿಸುತ್ತಾರೆ. ಅವರು ಕೊಡುವ ಉತ್ತರ ಸೂಕ್ಷ್ಮವಾದದ್ದು. ಆ ಗಳಿಗೆಯಲ್ಲಿ, ಆ ಗಾಳಿಯಲ್ಲಿ, ಅವನು ತನ್ನ ಇಚ್ಛೆಯಿಂದಲೇ ಎಸೆದ. ಆದರೆ ಗಾಳಿಯನ್ನು ಬದಿಗಿಟ್ಟು ನೋಡಿದರೆ ಅದು ಅವನ ಇಚ್ಛೆಗೆ ವಿರುದ್ಧ. ಅಂದರೆ ಭಯದಿಂದ ಮಾಡಿದ ಕೆಲಸದಲ್ಲಿ ಇಚ್ಛೆಯೂ ಇದೆ, ಅನಿಚ್ಛೆಯೂ ಇದೆ. ನಮ್ಮ ವಿಷಯಕ್ಕೆ ಬಂದರೆ, ಖಾತೆ ಕಳೆದುಕೊಳ್ಳುವ ಭಯದಲ್ಲಿ ಸಂಖ್ಯೆ ಕೊಟ್ಟವನು ಬೆರಳಿನಿಂದ ‘ಸರಿ’ ಎಂದು ಒತ್ತಿದ್ದಾನೆ, ನಿಜ. ಹಡಗಿನ ವ್ಯಾಪಾರಿಗೂ ಇವನಿಗೂ ಒಂದು ವ್ಯತ್ಯಾಸವಿದೆ. ಸಮುದ್ರದ ಗಾಳಿಯನ್ನು ಯಾರೂ ಬೀಸಲು ಹೇಳಿರಲಿಲ್ಲ. ಇಲ್ಲಿ ಗಾಳಿ ಎಬ್ಬಿಸಿದವರೇ ಎಸೆದ ಸರಕನ್ನು ಬಾಚಿಕೊಳ್ಳುವವರು.

ಕಥೋಲಿಕರಾದ ನಮಗೆ ಒಪ್ಪಿಗೆಯ ಬೆಲೆ ಚೆನ್ನಾಗಿ ಗೊತ್ತು. ಮದುವೆಗೆ ಮುಂಚೆ ಗುರುಗಳು ವಧೂವರರನ್ನು ಬೇರೆ ಬೇರೆಯಾಗಿ ಕೂರಿಸಿ, ಯಾರ ಒತ್ತಾಯವೂ ಇಲ್ಲದೆ ಬಂದಿದ್ದೀರಾ ಎಂದು ಕೇಳುತ್ತಾರೆ. ಬಲಾತ್ಕಾರದಿಂದ ಅಥವಾ ಹೊರಗಿನ ಘೋರ ಭಯದಿಂದ ಆಡಿದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಆ ಮದುವೆ ಸಿಂಧುವಲ್ಲ ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ. ಇ-ಮೇಲನ್ನು ವಿವಾಹ ಸಂಸ್ಕಾರಕ್ಕೆ ಹೋಲಿಸುವುದು ಅತಿಯಾಯಿತು ಎನ್ನುತ್ತೀರೇನೋ. ಅತಿಯೇ ಇರಬಹುದು. ಆದರೂ ಒಬ್ಬರ ‘ಆಗಲಿ’ ಎಂಬ ಮಾತಿನ ಹಿಂದೆ ಏನಿದೆ ಎಂದು ಕೇಳುವ ಅಭ್ಯಾಸವನ್ನು ಧರ್ಮಸಭೆ ನಮಗೆ ಕಲಿಸಿದೆಯಲ್ಲವೇ? ಅದನ್ನು ದೇವಾಲಯದ ಹೊಸಿಲಿನಲ್ಲೇ ಬಿಟ್ಟು ಬರಬೇಕಾಗಿಲ್ಲ.

ಕೊಟ್ಟದ್ದನ್ನು ಏನು ಮಾಡಿದರು ಎಂಬುದು ಇನ್ನೂ ಗಂಭೀರವಾದದ್ದು. 2013ರಿಂದ 2019ರವರೆಗೆ ಟ್ವಿಟರ್ ಸಂಸ್ಥೆ ಖಾತೆಯ ಸುರಕ್ಷತೆಗೆಂದು ಜನರಿಂದ ಫೋನ್ ಸಂಖ್ಯೆ, ಇ-ಮೇಲ್ ವಿಳಾಸಗಳನ್ನು ಪಡೆಯಿತು. 14 ಕೋಟಿಗೂ ಹೆಚ್ಚು ಮಂದಿ ನಂಬಿ ಕೊಟ್ಟರು. ಆ ಸಂಖ್ಯೆಗಳನ್ನು ಜಾಹೀರಾತುದಾರರು ತಮಗೆ ಬೇಕಾದ ಗಿರಾಕಿಗಳನ್ನು ಗುರುತಿಸಲು ಬಳಸಿಕೊಂಡರು. ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿ, 2022ರ ಮೇ ತಿಂಗಳಲ್ಲಿ ಸಂಸ್ಥೆ 15 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಅದಕ್ಕೂ ಮೊದಲು, 2019ರಲ್ಲಿ, ಫೇಸ್‌ಬುಕ್ಕಿನ ಮೇಲೆ ಬಿದ್ದ 500 ಕೋಟಿ ಡಾಲರಿನ ದಂಡದ ಹಿಂದಿದ್ದ ಹಲವು ಆಪಾದನೆಗಳಲ್ಲಿ ಇದೂ ಒಂದು: ರಕ್ಷಣೆಗೆಂದು ಪಡೆದ ಸಂಖ್ಯೆ ಜಾಹೀರಾತಿಗೆ ಬಳಕೆಯಾಗಿತ್ತು.

ನೆರೆಯವನು ಕಾಪಾಡಲು ಕೊಟ್ಟ ಹಣ ಅಥವಾ ಸಾಮಾನು ಮನೆಯಿಂದ ಕಾಣೆಯಾದರೆ ಏನು ಮಾಡಬೇಕೆಂದು ವಿಮೋಚನಾಕಾಂಡದ 22ನೆಯ ಅಧ್ಯಾಯ ವಿವರಿಸುತ್ತದೆ. ಕಳ್ಳ ಸಿಗದಿದ್ದರೆ ಮನೆಯ ಯಜಮಾನ ದೇವರ ಸನ್ನಿಧಿಗೆ ಬಂದು, ನೆರೆಯವನ ಸೊತ್ತಿಗೆ ತಾನು ಕೈಹಾಕಿಲ್ಲವೆಂದು ತೋರಿಸಿಕೊಡಬೇಕು. ಕಳುವು ಆದದ್ದಷ್ಟೇ ಅಲ್ಲ, ಕಾಪಾಡಲು ಇಸಿದುಕೊಂಡವನೇ ಬಳಸಿಕೊಂಡನೇ ಎಂಬುದು ಅಲ್ಲಿಯ ಪ್ರಶ್ನೆ. ರಕ್ಷಣೆಗೆಂದು ಪಡೆದ ಸಂಖ್ಯೆ ಇಂಥ ಠೇವಣಿ. ಅದರಿಂದ ಒಂದು ಕಾಸು ಸಂಪಾದಿಸಿದರೂ ಅದು ನಂಬಿಕೆದ್ರೋಹ. ಸೇವೆಯನ್ನು ಪುಕ್ಕಟೆಯಾಗಿ ಕೊಟ್ಟೆವಲ್ಲ ಎಂಬ ಮಾತು ಇದಕ್ಕೆ ಉತ್ತರವಾಗದು.

ಇನ್ನು ಯಾರಿಗೆ ಇದರಿಂದ ಪೆಟ್ಟು ಬೀಳುತ್ತದೆ ಎಂದು ನೋಡಿ. ಕೈತುಂಬ ಸಂಬಳವಿದ್ದು ಎರಡು ಫೋನು ಇಟ್ಟುಕೊಂಡವರಿಗಲ್ಲ. ಹೊಡೆಯುವ ಗಂಡನ ಮನೆಯಲ್ಲಿರುವ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಸಿಮ್ ಅವನ ಹೆಸರಿನಲ್ಲಿದೆ, ಫೋನು ರಾತ್ರಿ ಅವನ ದಿಂಬಿನ ಕೆಳಗಿರುತ್ತದೆ. ಅವಳು ತನ್ನ ಅಣ್ಣನಿಗೋ, ಕಾನ್ವೆಂಟಿನ ಧರ್ಮಭಗಿನಿಗೋ, ವಕೀಲರಿಗೋ ನಾಲ್ಕು ಸಾಲು ಬರೆಯಬೇಕು. ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಪಾಸ್‌ವರ್ಡ್ ಹಾಕುತ್ತಾಳೆ. ಹೊಸ ಕಂಪ್ಯೂಟರಾದ್ದರಿಂದ ಸಂಕೇತ ಸಂಖ್ಯೆ ಫೋನಿಗೆ ಹೋಗುತ್ತದೆ, ಅಂದರೆ ಗಂಡನ ಕೈಗೆ. ಅವಳ ರಕ್ಷಣೆಗೆಂದು ಮಾಡಿದ ಏರ್ಪಾಡು ಅವಳನ್ನೇ ಹಿಡಿದುಕೊಟ್ಟಿತು. ದೊಡ್ಡ ಊರಿನ ಕಚೇರಿಯಲ್ಲಿ ಕುಳಿತು ಈ ನಿಯಮ ಬರೆದವರಿಗೆ ಇವಳು ಕಣ್ಣಿಗೆ ಬೀಳಲಿಲ್ಲ.

ಕೊಲ್ಲಿ ರಾಷ್ಟ್ರದಿಂದ ವೀಸಾ ಮುಗಿಸಿ ಊರಿಗೆ ಬಂದವನ ಅಲ್ಲಿನ ಸಂಖ್ಯೆ ಅಲ್ಲೇ ಉಳಿಯುತ್ತದೆ. ರೀಚಾರ್ಜ್ ಮಾಡದೆ ಬಿಟ್ಟ ಇಲ್ಲಿನ ಸಂಖ್ಯೆಯೂ ರದ್ದಾಗಿ, 90 ದಿನಗಳ ಅವಧಿ ಕಳೆದ ಮೇಲೆ ಬೇರೊಬ್ಬರಿಗೆ ಹೋಗಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಆಗ ನಿಮ್ಮ ಖಾತೆಯ ಸಂಕೇತ ಒಬ್ಬ ಅಪರಿಚಿತನಿಗೆ ತಲುಪುತ್ತದೆ. ಫೋನ್ ಕಂಪನಿಯನ್ನೇ ವಂಚಿಸಿ ಇನ್ನೊಬ್ಬರ ಸಂಖ್ಯೆಯನ್ನು ತಮ್ಮ ಸಿಮ್ಮಿಗೆ ವರ್ಗಾಯಿಸಿಕೊಳ್ಳುವ ಕಳ್ಳರೂ ಇದ್ದಾರೆ. 2019ರ ಆಗಸ್ಟಿನಲ್ಲಿ ಟ್ವಿಟರಿನ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿಯವರ ಖಾತೆಯೇ ಅವರ ಫೋನ್ ಸಂಖ್ಯೆಯ ಮೂಲಕ ಪರರ ಕೈಗೆ ಹೋಗಿತ್ತು. ಕೋಟಿಗಟ್ಟಲೆ ಜನರಿಂದ ಸಂಖ್ಯೆ ಕೇಳಿದ ಸಂಸ್ಥೆಯ ಯಜಮಾನರ ಸ್ಥಿತಿಯೇ ಇದು!

‘ತಪ್ಪು ಮಾಡದವರಿಗೆ ಮುಚ್ಚಿಡುವುದು ಏನಿದೆ?’ ಎಂದು ಕೇಳುವವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರು ಪಾಪನಿವೇದನಾ ಪೀಠದ ಕಡೆ ಒಮ್ಮೆ ನೋಡಲಿ. 16ನೆಯ ಶತಮಾನದಲ್ಲಿ ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಅವರು ಗುರುವಿಗೂ ನಿವೇದಿಸುವವರಿಗೂ ನಡುವೆ ಜಾಲರಿ ಇರಬೇಕೆಂದು ವಿಧಿಸಿದರು. ಇಂದಿನ ಸಂಹಿತೆಯೂ ಬಯಸುವವರಿಗೆ ಜಾಲರಿಯಿರುವ ಪೀಠ ದೊರೆಯುವಂತಿರಬೇಕು ಎನ್ನುತ್ತದೆ. ಅಲ್ಲಿ ಮೊಣಕಾಲೂರುವವನ ಹೆಸರನ್ನು ಯಾರೂ ಕೇಳುವುದಿಲ್ಲ, ಯಾವ ಊರಿನವನೆಂದು ದಾಖಲಿಸುವುದಿಲ್ಲ. ಮನುಷ್ಯ ತನ್ನ ಅತಿ ಭಾರವಾದ ಮಾತನ್ನು ಆಡಲು ಸಾಧ್ಯವಾಗುವುದು ಈ ಮರೆಯಿಂದಲೇ. ಮರೆ ಬೇಕೆನ್ನುವವರೆಲ್ಲ ಕಳ್ಳರಲ್ಲ. ಖಾಸಗಿ ಬದುಕಿನ ರಕ್ಷಣೆಯನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಎಣಿಸಿತು. ನಮ್ಮ ದೇಶದಲ್ಲಿ ಇದಕ್ಕಾಗಿ ನ್ಯಾಯಾಲಯಕ್ಕೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಅದೂ ತಮ್ಮ 86ನೆಯ ವಯಸ್ಸಿನಲ್ಲಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪು ಕೊಟ್ಟರು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಒಪ್ಪಿಗೆ ಮುಕ್ತವಾಗಿರಬೇಕು, ಹೇಳಿದ ಉದ್ದೇಶಕ್ಕೆ ಬೇಕಾದಷ್ಟಕ್ಕೇ ಸೀಮಿತವಾಗಿರಬೇಕು ಎನ್ನುತ್ತದೆ. ಕಾಗದದ ಮೇಲೆ ಒಳ್ಳೆಯ ಮಾತು. ಅದರ ಬಲ ಎಷ್ಟೆಂಬುದು ಜಾರಿಯಾಗುತ್ತ ಹೋದಂತೆ ಕಾಣಬೇಕು.

ಹಾಗಾದರೆ ಸುಳ್ಳು ಸಂಖ್ಯೆ ಕೊಡಬಹುದೇ? ಪಕ್ಕದ ಮನೆಯವರ ಸಂಖ್ಯೆ ಹಾಕಿಬಿಡಬಹುದೇ? ಧರ್ಮಸಭೆಯ ಧರ್ಮೋಪದೇಶ ಇಲ್ಲಿ ಒಂದು ಗೆರೆ ಎಳೆಯುತ್ತದೆ. ತಿಳಿಯುವ ಹಕ್ಕಿಲ್ಲದವನಿಗೆ ಸತ್ಯವನ್ನು ಬಿಚ್ಚಿ ಹೇಳಲೇಬೇಕಾದ ಕಟ್ಟುಪಾಡು ಯಾರಿಗೂ ಇಲ್ಲ; ಮೌನವಾಗಿರಬಹುದು, ಹಿಡಿತದಿಂದ ಮಾತಾಡಬಹುದು. ಸುಳ್ಳಾಡುವುದಕ್ಕೆ ಮಾತ್ರ ಅನುಮತಿಯಿಲ್ಲ. ಪಕ್ಕದವರ ಸಂಖ್ಯೆ ಕೊಟ್ಟರೆ ನಿಮ್ಮ ತೊಂದರೆಯನ್ನು ಅವರ ತಲೆಗೆ ಕಟ್ಟಿದಂತೆ, ಜೊತೆಗೆ ನಿಮ್ಮ ಬೀಗದ ಕೈ ಅವರ ಮನೆಯಲ್ಲಿ.

ಸುಳ್ಳಾಡದೆಯೂ ದಾರಿಗಳಿವೆ. ಹಲವು ಇ-ಮೇಲ್ ಸೇವೆಗಳಲ್ಲಿ ಸಂದೇಶದ ಬದಲು ಸಂಕೇತವನ್ನು ಫೋನಿನಲ್ಲೇ ಹುಟ್ಟಿಸುವ ಒಂದು ಪುಟ್ಟ ಆ್ಯಪ್ ಬಳಸಬಹುದು. ಅದಕ್ಕೆ ಸಿಮ್ಮಿನ ಸಂಖ್ಯೆ ಬೇಕಿಲ್ಲ. ಕಂಪ್ಯೂಟರಿಗೆ ಚುಚ್ಚುವ ಬೀಗದ ಕೈಯಂಥ ಸಣ್ಣ ಸಾಧನವೂ ಇದೆ. ಮೊದಲು ಹೇಳಿದ 2019ರ ಅಧ್ಯಯನದಲ್ಲಿ ಮೂರೂ ಬಗೆಯ ದಾಳಿಗಳನ್ನು ಪೂರ್ತಿಯಾಗಿ ತಡೆದದ್ದು ಅದೊಂದೇ, ಫೋನ್ ಸಂದೇಶವಲ್ಲ. ಎಲ್ಲಕ್ಕಿಂತ ಸುಲಭವಾದದ್ದು, ಖಾತೆಯ ಸುರಕ್ಷತಾ ವಿಭಾಗದಲ್ಲಿ ಸಿಗುವ ತುರ್ತು ಸಂಕೇತಗಳು. ಒಂದೊಂದನ್ನು ಒಮ್ಮೆ ಮಾತ್ರ ಬಳಸಬಹುದು. ಅವನ್ನು ಕಾಗದದ ಮೇಲೆ ಬರೆದು ಜ್ಞಾನಸ್ನಾನದ ಪ್ರಮಾಣಪತ್ರ ಇಟ್ಟಿರುವ ಪೆಟ್ಟಿಗೆಯಲ್ಲೇ ಇಡಿ. ಊರಿನಲ್ಲಿರುವ ವಯಸ್ಸಾದ ತಂದೆತಾಯಿಯ ಖಾತೆಗೆ ಇದನ್ನು ಮಕ್ಕಳು ಮುಂದಿನ ರಜೆಯಲ್ಲಿ ಬಂದಾಗ ಮಾಡಿಕೊಡಲಿ. ಇಂಥ ದಾರಿಗಳಿರುವಾಗ ಅವನ್ನು ಮೂಲೆಯಲ್ಲಿ ಅಡಗಿಸಿಟ್ಟು, ಸಂಖ್ಯೆಯೊಂದೇ ದಾರಿ ಎಂಬಂತೆ ಬಾಗಿಲು ಕಾಯುವುದು ಅನ್ಯಾಯ ಎಂದೇ ನನ್ನ ತೀರ್ಮಾನ. ಕೇಳಲಿ, ಸಲಹೆ ಕೊಡಲಿ, ಎಚ್ಚರಿಸಲಿ. ‘ಬೇಡ’ ಎನ್ನಲು ಒಂದು ಗುಂಡಿಯನ್ನೂ ಇಡಲಿ.

ದೂರದ ಸಂಸ್ಥೆಗಳ ಬಗ್ಗೆ ಇಷ್ಟು ಹೇಳಿದ ಮೇಲೆ ನಮ್ಮ ಅಂಗಳವನ್ನೂ ನೋಡಬೇಕು. ಕಿರು ಕ್ರೈಸ್ತ ಸಮುದಾಯದ ವಾಟ್ಸಾಪ್ ಗುಂಪಿಗೆ ಯುವತಿಯರ ಸಂಖ್ಯೆಗಳನ್ನು ಕೇಳದೆಯೇ ಸೇರಿಸುತ್ತೇವೆ. ಕುಟುಂಬ ಗಣತಿಯ ಪತ್ರದಲ್ಲಿ ಮನೆಮಂದಿಯೆಲ್ಲರ ಸಂಖ್ಯೆ ಬರೆಸಿಕೊಳ್ಳುತ್ತೇವೆ, ಏಕೆಂದು ಹೇಳುವುದಿಲ್ಲ. ಧರ್ಮಕೇಂದ್ರದ ಹಬ್ಬಕ್ಕೆ ಲಕ್ಕಿ ಡ್ರಾ ಕೂಪನ್ ಮಾರುವಾಗ ಪ್ರತಿ ಚೀಟಿಯ ಹಿಂದೆ ಹೆಸರು, ಸಂಖ್ಯೆ ಬರೆಸುತ್ತೇವೆ. ಬಹುಮಾನ ಕೊಟ್ಟಾಗುತ್ತದೆ, ಹಬ್ಬ ಮುಗಿಯುತ್ತದೆ. ಕೆಲವು ವಾರಗಳ ನಂತರ ವಿಮೆಯವರಿಂದಲೋ ಚೀಟಿ ಫಂಡಿನವರಿಂದಲೋ ಕರೆ ಬಂದರೆ ನಮ್ಮ ಸಂಖ್ಯೆ ಇವರಿಗೆ ಎಲ್ಲಿ ಸಿಕ್ಕಿತು ಎಂದು ಆಶ್ಚರ್ಯಪಡುತ್ತೇವೆ. ಹೋದ ವರ್ಷದ ಕೂಪನ್ನುಗಳ ಕಟ್ಟು ಈಗ ಯಾವ ಕಪಾಟಿನಲ್ಲಿದೆ, ಅದರ ಬೀಗದ ಕೈ ಯಾರಲ್ಲಿದೆ ಎಂದು ಮುಂದಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ನಿಮ್ಮಲ್ಲಿ ಯಾರಾದರೂ ಎದ್ದುನಿಂತು ಕೇಳಬಹುದು.