ಒಲ್ಲೆನೆಂದ ದಾರ, ಒಪ್ಪಿಕೊಂಡ ದಾರ

ಬಸವನಬಾಗೇವಾಡಿಯಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು, ಕಾಲೇಜಿಗೆ ಹೋಗುವ ಹುಡುಗರು ಕೆಲವರು ಸೋಮವಾರ ಸಂಜೆ ಕೂಡಿ ವಚನ ಓದುತ್ತೇವೆ. ಓದಿದ ಮೇಲೆ ಯಾರು ಏನು ಬೇಕಾದರೂ ಕೇಳಬಹುದು. ಒಂದು ಸೋಮವಾರ, ಹೆಲ್ಮೆಟ್ ಇಲ್ಲದೆ ಪೊಲೀಸರ ಕೈಗೆ ಸಿಕ್ಕು 500 ರೂಪಾಯಿ ಕಟ್ಟಿ ಬಂದಿದ್ದ ಹುಡುಗನೊಬ್ಬ ಕೇಳಿದ: “ಅಕ್ಕಾರ, ಬಸವಣ್ಣನವರು ಸಣ್ಣ ಹುಡುಗ ಇದ್ದಾಗನ ಜನಿವಾರ ಒಲ್ಲೆ ಅಂದ್ರು. ಅಪ್ಪನ ಮಾತೂ ಕೇಳಲಿಲ್ಲ, ಊರಿನ ಮಾತೂ ಕೇಳಲಿಲ್ಲ. ಮತ್ತ ಸರಕಾರ ಹೇಳಿದ ಬೆಲ್ಟು, ಸರಕಾರ ಹೇಳಿದ ಟೊಪಗಿ ನಾ ಯಾಕ ಹಾಕ್ಕೋಬೇಕ್ರೀ? ತಲಿ ನಂದು. ಒಡದ್ರ ನಂದ ಒಡೀತದ.”

ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಬಸವಣ್ಣನವರು ಹುಟ್ಟಿದ ಊರಿನಲ್ಲಿ ಕೂತು ಕೇಳಬೇಕಾದ ಪ್ರಶ್ನೆಯೇ ಅದು. ದೊಡ್ಡವರು ಹಾಕಿಕೊ ಎಂದದ್ದನ್ನು ಒಲ್ಲೆ ಎನ್ನುವುದೇ ಧರ್ಮದ ಮೊದಲ ಹೆಜ್ಜೆಯಾದ ಕಥೆ ನಮ್ಮದು. ಆ ಕಥೆಯನ್ನು ದಂಡದ ರಸೀದಿಯ ಪಕ್ಕದಲ್ಲಿಟ್ಟು ನೋಡಿದ ಹುಡುಗನಿಗೆ ಸರಿಯಾದ ಉತ್ತರ ಸಿಗಲೇಬೇಕು.

ಅಕ್ಕ ನಾಗಮ್ಮನಿಗೆ ಇಲ್ಲದ್ದು ನನಗೇಕೆ ಎಂದು ಕೇಳಿ, ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದರು ಎಂಬುದು ನಾವೆಲ್ಲ ಕೇಳುತ್ತ ಬೆಳೆದದ್ದು. ಮೈಮೇಲೆ ಒಂದು ದಾರ ಬಂತೆಂಬುದು ಅವರ ಸಿಟ್ಟಿಗೆ ಕಾರಣವಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರನ್ನು ಆ ದಾರ ಮೇಲೆ ಕೆಳಗೆ ಮಾಡುತ್ತಿತ್ತು. ಮುಂದೆ ಶರಣರು ತಾವಾಗಿಯೇ ಇನ್ನೊಂದು ದಾರವನ್ನು ಕೊರಳಿಗೆ ಹಾಕಿಕೊಂಡರು. ಶಿವದಾರ ಗಂಡಿಗೂ ಇದೆ, ಹೆಣ್ಣಿಗೂ ಇದೆ, ಕೂಸಿಗೂ ಇದೆ. ಒಂದು ದಾರ ಬೇಡವೆಂದವರೇ ಇನ್ನೊಂದನ್ನು ದಿನವೂ ಎದೆಯ ಮೇಲೆ ಇಟ್ಟುಕೊಂಡರೆಂದ ಮೇಲೆ, ಬಿಡುಗಡೆ ಎಂದರೆ ಮೈಮೇಲೆ ಏನೂ ಇಲ್ಲದಿರುವುದು ಎಂದು ಹೇಳಲು ಬರುವುದಿಲ್ಲ. ಈ ದಾರ ಯಾರನ್ನು ದೂರ ಇಡುತ್ತದೆ, ಯಾರನ್ನು ಕೂಡಿಸುತ್ತದೆ ಎಂದು ಕೇಳಬೇಕು. ಕಾರಿನ ಬೆಲ್ಟು ಸಾಹೇಬನಿಗೂ ಅವನ ಡ್ರೈವರನಿಗೂ ಒಂದೇ. 1959ರಲ್ಲಿ ನಿಲ್ಸ್ ಬೊಲಿನ್ ಎಂಬ ಎಂಜಿನಿಯರ್ ವೋಲ್ವೊ ಕಂಪನಿಗಾಗಿ ಮೂರು ಕಡೆ ಹಿಡಿಯುವ ಈ ಪಟ್ಟಿಯನ್ನು ಮಾಡಿದಾಗ, ಕಂಪನಿ ಅದರ ಹಕ್ಕನ್ನು ತನ್ನೊಳಗೇ ಇಟ್ಟುಕೊಳ್ಳದೆ ಬೇರೆ ಕಾರು ಮಾಡುವವರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಜೀವ ಉಳಿಸುವ ವಿದ್ಯೆ ಎಲ್ಲರದೂ ಆಗಲಿ ಎಂದ ಆ ನಡೆಯಲ್ಲಿ ನನಗೆ ದಾಸೋಹದ ಗುಣ ಕಾಣುತ್ತದೆ.

ಇನ್ನು “ತಲಿ ನಂದು” ಎಂಬ ಮಾತು. ನಾನು ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಇಂಡಿ, ಸಿಂದಗಿ ಸೀಮೆಯಲ್ಲೇ ಹೆಚ್ಚಿನ ವರ್ಷ ಕಳೆದವು. ರಾತ್ರಿ ಪಾಳಿಯಲ್ಲಿ ಬೈಕಿನಿಂದ ಬಿದ್ದವರನ್ನು ಟಂಟಂನಲ್ಲಿ ಹಾಕಿಕೊಂಡು ತರುತ್ತಿದ್ದರು. ಕೂದಲಿಗೆ ರಕ್ತ ಹೆಪ್ಪುಗಟ್ಟಿ ಅಂಟಿರುತ್ತಿತ್ತು, ಅದರೊಳಗೆ ಜೋಳದ ರವದಿ, ಸಣ್ಣ ಕಂಕರು. ಕತ್ತರಿಯಿಂದ ಕೂದಲು ತೆಗೆಯುತ್ತ ನಾನು ಮೊದಲು ನೋಡುತ್ತಿದ್ದದ್ದು ಕಿವಿ. ಕಿವಿಯಿಂದ ರಕ್ತ ಇಳಿಯುತ್ತಿದ್ದರೆ ಬುರುಡೆಯ ಬುಡಕ್ಕೆ ಪೆಟ್ಟಾಗಿರಬಹುದು, ಇದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಅರ್ಥ. ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಬರೆದು ಕೊಡುವ ಹೊತ್ತಿಗೆ ಮನೆಯವರು ಬಂದಿರುತ್ತಿದ್ದರು, ಅವನ ಚಪ್ಪಲಿ, ಮೊಬೈಲು ಹಿಡಿದುಕೊಂಡು. ಕೆಲವೊಮ್ಮೆ ಹೆಲ್ಮೆಟ್ಟೂ ಇರುತ್ತಿತ್ತು, ಟ್ಯಾಂಕಿನ ಮೇಲಿಟ್ಟುಕೊಂಡು ಹೊರಟದ್ದು, ಒಂದು ಗೀರೂ ಇಲ್ಲದ್ದು. ಅಪ್ಪ ಮೆಲ್ಲಗೆ ಕೇಳುತ್ತಿದ್ದ, “ಸಿಸ್ಟರ್, ಎಷ್ಟ್ ಹತ್ತಬಹುದ್ರೀ?” ಇಂಡಿ ಕಡೆಯವನಾದರೆ ನನಗೆ ಕೂಡಲೇ ಅವನ ಲಿಂಬೆ ತೋಟ ಕಣ್ಣಿಗೆ ಬರುತ್ತಿತ್ತು. ಗಿಡ ಹಚ್ಚಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡ ತೋಟ ಒಂದು ತಲೆಯ ಆಪರೇಶನ್ನಿಗೆ ಒತ್ತೆ ಬೀಳುತ್ತದೆ. ಒಡೆದದ್ದು ಮಗನ ತಲೆ, ಹೋದದ್ದು ತಮ್ಮಂದಿರ ಪಾಲು, ತಂಗಿಯ ಮದುವೆ, ಹೆಂಡತಿಯ ಮುಂದಿನ ಮೂವತ್ತು ವರ್ಷ. ಬದುಕಿ ಬಂದರೂ ಮಕ್ಕಳ ಹೆಸರು ನೆನಪಿಲ್ಲದೆ ಕಟ್ಟೆಯ ಮೇಲೆ ಕೂತವರನ್ನು ಕಂಡಿದ್ದೇನೆ. ನೀರು ಕುಡಿಸುವ ಕೈ ಅವರದಲ್ಲ.

2022ರ ಒಂದೇ ವರ್ಷ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ, ಬೆಲ್ಟ್ ಹಾಕದೆ ಸತ್ತವರು 16,715 ಜನ ಎಂದು ಕೇಂದ್ರ ಸರಕಾರದ ವರದಿಯೇ ಹೇಳಿದೆ. ಹಾಕಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಹೆಲ್ಮೆಟ್ ಸಾವಿನ ಸಂಭವವನ್ನು ಶೇಕಡ 40ರಷ್ಟು ಇಳಿಸುತ್ತದೆ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಅಷ್ಟನ್ನೇ ಹಿಡಿದರೂ ಎಷ್ಟು ಮನೆಯ ದೀಪ ಉರಿಯುತ್ತಿತ್ತು ನೋಡಿ.

ಜೀವ ನನ್ನೊಬ್ಬನದು ಎಂಬ ಮಾತು ಎಷ್ಟು ಪೊಳ್ಳು ಎನ್ನುವುದು ನಮ್ಮ ಇಂಡಿ ತಾಲ್ಲೂಕಿಗೆ 2024ರ ಏಪ್ರಿಲ್ 3ರ ಸಂಜೆ ಗೊತ್ತಾಯಿತು. ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸು ಕೊಳವೆಬಾವಿಗೆ ಬಿತ್ತು. ಪಕ್ಕದಲ್ಲಿ ಗುಂಡಿ ತೋಡುತ್ತ, ಅಡ್ಡ ಬಂದ ಕಲ್ಲು ಒಡೆಯುತ್ತ ಸುಮಾರು ಇಪ್ಪತ್ತು ತಾಸು ಕೆಲಸ ನಡೆಯಿತು. ಯಾರ ಮಗು, ಯಾವ ಜಾತಿ, ಎಷ್ಟು ಖರ್ಚು ಎಂದು ಯಾರೂ ಕೇಳಲಿಲ್ಲ. ಜಿಲ್ಲೆಯ ತಾಯಂದಿರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಲಚ್ಯಾಣದ ಸಿದ್ಧಲಿಂಗ ಮಹಾರಾಜರಿಗೆ ಎಷ್ಟು ಹರಕೆ ಕಟ್ಟಿದರೋ. ಮರುದಿನ ಕೂಸು ಜೀವಂತ ಹೊರಬಂದಾಗ ಕಂಡವರೆಲ್ಲರ ಕಣ್ಣಲ್ಲಿ ನೀರು. ಅದಕ್ಕೂ ಹತ್ತು ವರ್ಷ ಹಿಂದೆ, 2014ರಲ್ಲಿ, ನಾಗಠಾಣದ ಹತ್ತಿರ ಹೀಗೆಯೇ ಬಿದ್ದ ಹೆಣ್ಣು ಕೂಸು ಉಳಿಯಲಿಲ್ಲ. ಆ ಸಂಕಟವೂ ನಮ್ಮಲ್ಲಿ ಆರಿಲ್ಲ. ಕೆಟ್ಟುಹೋದ ಕೊಳವೆಬಾವಿಯನ್ನು ಮುಚ್ಚದೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂದು 2024ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದಾಗ, ಹೊಲ ನಂದು, ಬೋರು ನಂದು ಎಂದು ಯಾರಾದರೂ ವಾದಿಸಿದರೇ?

ಹುಡುಗ ಸುಮ್ಮನಾಗುವವನಲ್ಲ. ತೆರೆದ ಬೋರು ಮತ್ತೊಬ್ಬರ ಮಗುವನ್ನು ನುಂಗುತ್ತದೆ, ನನ್ನ ಬರಿದಲೆ ಯಾರನ್ನೂ ಕೊಲ್ಲುವುದಿಲ್ಲ ಎಂದ. ಈ ಭೇದವನ್ನು ಒಪ್ಪುತ್ತೇನೆ. ಅದಕ್ಕೇ ಒಂದಕ್ಕೆ ಜೈಲಿದೆ, ಇನ್ನೊಂದಕ್ಕೆ 500 ರೂಪಾಯಿ. ಆದರೆ ಆ ರಾತ್ರಿ ಮಗುವಿಗಾಗಿ ಎದ್ದ ಊರು ಬೈಕಿನಿಂದ ಬಿದ್ದವನಿಗಾಗಿಯೂ ಏಳುತ್ತದೆ. 108 ಬರುತ್ತದೆ, ರಕ್ತ ಕೊಡುವವರು ಬರುತ್ತಾರೆ. ನಿನ್ನನ್ನು ಎತ್ತಿಕೊಳ್ಳಬೇಕಾದವರಿಗೆ ನೀನು ಬೀಳದಂತೆ ನೋಡಿಕೊ ಎಂದು ಹೇಳುವ ಅಧಿಕಾರವೂ ಸ್ವಲ್ಪ ಇರಬೇಕು.

ಮೈಯ ಹಂಗು ಪೂರ್ತಿ ಬಿಟ್ಟವರನ್ನೂ ನಮ್ಮ ಜಿಲ್ಲೆ ಕಂಡಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದರೆ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ಮೊದಲೇ ಬರೆದಿಟ್ಟಿದ್ದಂತೆ ಅವರ ದೇಹವನ್ನು ಅಗ್ನಿಗೆ ಕೊಟ್ಟರು, ಸ್ಮಾರಕ ಬೇಡವೆಂದದ್ದನ್ನೂ ನಡೆಸಿದರು. ತಮ್ಮ ದೇಹ ಏನಾಗಬೇಕೆಂದು ಹೇಳುವ ಸ್ವಾತಂತ್ರ್ಯ ಅವರಿಗಿತ್ತು, ಏಕೆಂದರೆ ಆ ದೇಹದ ಮೇಲೆ ಯಾರ ಸಾಲವೂ ಇರಲಿಲ್ಲ. ಸಂಸಾರಿಯ ಮೈಮೇಲೆ ತಾಯಿಯ ಸಾಲವಿದೆ, ಹೆಂಡತಿ ಮಕ್ಕಳ ಸಾಲವಿದೆ. ಬಸವಣ್ಣನವರು ಮೈಯನ್ನೇ ಗುಡಿಯಾಗಿ ಕಂಡವರು. ಗುಡಿ ಪೂಜಾರಿಯ ಸ್ವಂತ ಆಸ್ತಿಯಲ್ಲ.

ನಮ್ಮ ಕಡೆ ಕಾನೂನಿಗಿಂತ ಗಟ್ಟಿಯಾಗಿ ಎದುರು ನಿಲ್ಲುವುದು ಹಣೇಬರಹ. “ಬರದಿದ್ದು ತಪ್ಪೂದಿಲ್ಲ ಬಿಡ್ರಿ” ಎಂದು ಮಗನನ್ನು ಕಳಕೊಂಡ ತಾಯಿಯೊಬ್ಬಳು ನನ್ನ ಕೈ ಹಿಡಿದು ಅಂದಳು. ಆಗ ಎದುರು ಮಾತಾಡುವುದು ಕ್ರೌರ್ಯ, ನಾನು ಆಡಲಿಲ್ಲ. ದುಃಖ ಹೊರಲು ಅವಳಿಗೆ ಅದೊಂದೇ ಆಸರೆ. ಆದರೆ ಸಾವಿನ ನಂತರ ಹೇಳುವ ಆ ಮಾತನ್ನು ಗಾಡಿ ಚಾಲೂ ಮಾಡುವ ಮೊದಲೇ ಹೇಳಿದರೆ ಅದು ಭಕ್ತಿಯಲ್ಲ. ಡೋಣಿ ಹೊಳೆ ತುಂಬಿ ತಾಳಿಕೋಟೆಯ ಸೇತುವೆ ಮುಳುಗಿದಾಗ ದಾಟಬೇಡ ಎಂದು ತಡೆಯುತ್ತಾರೆ. ಹಣೆಯಲ್ಲಿ ಬರೆದದ್ದು ಆಗಲಿ ಎಂದು ಮಗನನ್ನು ಆ ನೀರಿಗೆ ಬಿಡುವ ತಾಯಿ ಯಾರಿದ್ದಾಳೆ?

ವ್ಯಕ್ತಿಸ್ವಾತಂತ್ರ್ಯದ ಪರವಾಗಿ 1859ರಲ್ಲಿ ದೊಡ್ಡ ಗ್ರಂಥ ಬರೆದ ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ಕೂಡ ಸೇತುವೆಯ ಉದಾಹರಣೆಯನ್ನೇ ಕೊಟ್ಟ. ಸೇತುವೆ ಕುಸಿಯುವಂತಿದೆ, ನಡೆಯುವವನಿಗೆ ಗೊತ್ತಿಲ್ಲ, ಹೇಳಲು ಸಮಯವೂ ಇಲ್ಲ ಎಂದರೆ ಅವನನ್ನು ಹಿಡಿದೆಳೆಯಬಹುದು, ಏಕೆಂದರೆ ಹೊಳೆಗೆ ಬೀಳುವುದು ಅವನ ಇಚ್ಛೆಯಲ್ಲ. ಗೊತ್ತಿದ್ದೂ ಹೋಗುವ ಬುದ್ಧಿವಂತನಿಗೆ ಎಚ್ಚರಿಕೆ ಹೇಳಿ ಬಿಡಬೇಕು. ಮಿಲ್ ನನ್ನ ರಾತ್ರಿ ಪಾಳಿಯಲ್ಲಿ ಒಂದಿಷ್ಟು ದಿನ ಕೂತಿದ್ದರೆ ಚೆನ್ನಾಗಿತ್ತು. ಪ್ರಜ್ಞೆ ಇದ್ದು ಬಂದವರನ್ನು ಹೆಲ್ಮೆಟ್ ಯಾಕೆ ಹಾಕಲಿಲ್ಲ ಎಂದು ಕೇಳಿದರೆ, ಅದು ನನ್ನ ಹಕ್ಕು ಎಂದು ಹೇಳಿದವರು ಒಬ್ಬರೂ ಸಿಗಲಿಲ್ಲ. “ಇಲ್ಲೇ ಹೋಗಿ ಬರೂದಿತ್ರೀ” ಎನ್ನುತ್ತಿದ್ದರು. ಹಾಲು ಹಾಕಿ ಬರುವುದಿತ್ತು, ತೋಟದ ಮೋಟಾರು ಚಾಲೂ ಮಾಡಿ ಬರುವುದಿತ್ತು. ಅವರು ಅಪಾಯವನ್ನು ತೂಗಿ ನೋಡಿ ಆರಿಸಿಕೊಂಡವರಲ್ಲ, ಅಪಾಯ ಅವರ ಮನಸ್ಸಿಗೇ ಬಂದಿರಲಿಲ್ಲ. ಕಾನೂನು ಆ ಮರೆವನ್ನು ತಡೆಯುತ್ತದೆ, ಆಯ್ಕೆಯನ್ನಲ್ಲ.

ಹಾಗೆಂದು ಜೀವ ಉಳಿಸುವ ಹೆಸರಿನಲ್ಲಿ ಕಾನೂನು ಎಲ್ಲಿಗೆ ಬೇಕಾದರೂ ಕೈ ಹಾಕಬಹುದೆಂದು ನಾನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಪೇಟ ಸುತ್ತಿದ ಸಿಖ್ಖರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಕೊಟ್ಟಿದೆ. ಬ್ರಿಟನ್ 1976ರಲ್ಲೇ ಕೊಟ್ಟಿತ್ತು. ಅವರ ತಲೆಯೂ ನಮ್ಮ ತಲೆಯಂತೆಯೇ ಒಡೆಯುತ್ತದೆ, ನರ್ಸಾಗಿ ನನಗದು ಗೊತ್ತು. ಆದರೂ ಈ ವಿನಾಯಿತಿ ಸರಿ. ಪೇಟ ಬಿಚ್ಚೆಂದರೆ ಅವನು ತನ್ನ ಗುರುವಿಗೆ ಕೊಟ್ಟ ಮಾತು ಮುರಿಯಬೇಕಾಗುತ್ತದೆ. ಬರಿದಲೆಯಲ್ಲಿ ಬೈಕು ಓಡಿಸುತ್ತೇನೆಂದು ನಮ್ಮ ಹುಡುಗ ಯಾವ ಗುರುವಿಗೂ ಮಾತು ಕೊಟ್ಟಿಲ್ಲ.

ಯುಗಾದಿಯ ಮುಂದೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಕಂಬಿ ಹೊತ್ತು ಪಾದಯಾತ್ರೆ ಹೊರಡುತ್ತಾರೆ. ಬಿಸಿಲು ತಾಳಲಾರದೆ ರಾತ್ರಿ ನಡೆಯುತ್ತಾರೆ. ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ಅಪಾಯವೇ? ಹೌದು. ನಾಳೆ ಯಾರಾದರೂ ಅಧಿಕಾರಿ ಜನರ ಸುರಕ್ಷತೆಗಾಗಿ ಪಾದಯಾತ್ರೆ ನಿಲ್ಲಿಸಿ ಎಂದರೆ ನಾನೇ ಮೊದಲು ಬೀದಿಗೆ ಇಳಿಯುತ್ತೇನೆ. ಬೆನ್ನಿಗೆ ಹೊಳೆಯುವ ಪಟ್ಟಿ ಹಚ್ಚಿಕೊಳ್ಳಿ, ರಸ್ತೆಯ ಬಲಗಡೆ ಎದುರು ಬರುವ ಗಾಡಿ ಕಾಣುವ ಹಾಗೆ ನಡೆಯಿರಿ ಎಂದು ಹೇಳಲಿ, ಕೇಳುತ್ತೇವೆ. ಮಲ್ಲಯ್ಯನ ಕಡೆಗೆ ನಡೆಯಬೇಡಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಕಾನೂನು ಮಾಡುವವರ ಮೇಲೂ ಸಾಲವಿದೆ. ಕಬ್ಬಿನ ಹಂಗಾಮು ಶುರುವಾದರೆ ಇಂಡಿ, ಸಿಂದಗಿ ರಸ್ತೆಗಳಲ್ಲಿ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್. ಹೇರು ಇಬ್ಬದಿಗೂ ಚಾಚಿಕೊಂಡಿರುತ್ತದೆ. ಎಷ್ಟೋ ಟ್ರೇಲರುಗಳ ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಎಕ್ಸೆಲ್ ಮುರಿದರೆ ಕತ್ತಲಲ್ಲಿ ನಡುರಸ್ತೆಯಲ್ಲೇ ನಿಲ್ಲಿಸಿ, ಹಿಂದೆ ನಾಲ್ಕು ಕಲ್ಲಿಟ್ಟು ಹೋಗುತ್ತಾರೆ. ಅದಕ್ಕೆ ಹಾಯ್ದವನ ತಲೆಯ ಮೇಲೆ ಹೆಲ್ಮೆಟ್ ಇದ್ದರೂ ಎಷ್ಟು ಕಾದೀತು? ಹಗಲು ಹೊತ್ತಿನಲ್ಲಿ ಕಾಲೇಜು ಹುಡುಗನನ್ನು ಹಿಡಿಯುವುದು ಸುಲಭ, ರಾತ್ರಿ ಕಬ್ಬಿನ ಹೇರು ನಿಲ್ಲಿಸುವುದು ಕಷ್ಟ. ಕಷ್ಟದ್ದನ್ನು ಮಾಡದೆ ಸುಲಭದ್ದನ್ನಷ್ಟೇ ಮಾಡಿದರೆ ಆ ಹುಡುಗನಿಗೆ ಕಾನೂನು ಎಂದರೆ ದಂಡ ಎಂದೇ ಅನಿಸುತ್ತದೆ. ಅವನು ಕೇಳಿದ್ದರಲ್ಲಿ ಈ ಸಿಟ್ಟೂ ಸೇರಿತ್ತು, ಅದು ನ್ಯಾಯವಾದ ಸಿಟ್ಟು. ಈ ಸಲ ಹಂಗಾಮು ಶುರುವಾಗುವ ಮೊದಲೇ, ರಿಫ್ಲೆಕ್ಟರ್ ಇಲ್ಲದ ಟ್ರೇಲರನ್ನು ಕಾರ್ಖಾನೆಯ ಗೇಟಿನೊಳಗೆ ಬಿಡಬಾರದು, ತೂಕ ಮಾಡಬಾರದು ಎಂದು ತಹಶೀಲ್ದಾರರಿಗೂ ಕಾರ್ಖಾನೆಗಳಿಗೂ ಅರ್ಜಿ ಕೊಡಬೇಕೆಂದು ನಮ್ಮ ಸೋಮವಾರದ ಗುಂಪು ಮಾತಾಡಿಕೊಂಡಿದೆ. ಅರ್ಜಿ ಬರೆಯುವ ಕೆಲಸವನ್ನು ಆ ಹುಡುಗನಿಗೇ ಒಪ್ಪಿಸಿದ್ದೇವೆ.